ಹನ್ನೊಂದು ಮಿಲಿಮೀಟರ್

ನಮ್ಮೂರ ಈಜುಕೊಳದ ಬಿಸಿನೀರಿನ ತೊಟ್ಟಿಗೆ ಇಳಿದರೆ ನನ್ನನ್ನು ಯಾರೂ ಸ್ಟೈನ್‌ವೋರ್ ಎನ್ನುವುದಿಲ್ಲ, ಮಂಗಳವಾರ ಎನ್ನುತ್ತಾರೆ. “ಓ, ಮಂಗಳವಾರ ಬಂದ್ಲು, ಸ್ವಲ್ಪ ಸರೀರಿ.” “ಏನೇ ಮಂಗಳವಾರ, ಬೆಟ್ಟ ಏನಂತೆ?” ಹೀಗೆಯೇ ಮೂರು ವರ್ಷವಾಯಿತು. ಐವತ್ತೆರಡು ವರ್ಷದ ಹೆಂಗಸು, ಬೆಂಕಿಬೆಟ್ಟಗಳ ಹಿಂದೆ ಬಿದ್ದು ಎರಡೂ ಮೊಣಕಾಲು ಸವೆಸಿಕೊಂಡವಳು, ಕುತ್ತಿಗೆಯವರೆಗೆ ನೀರಿನಲ್ಲಿ ಕೂತು ಹಲ್ಲು ಕಡಿಯುತ್ತೇನೆ. ತೊಟ್ಟಿಗೆ ಹೋಗುವುದನ್ನೇ ಬಿಡಬಹುದಲ್ಲ ಎಂದು ನೀವು ಕೇಳಬಹುದು. ನಮ್ಮಲ್ಲಿ ತೊಟ್ಟಿ ಬಿಡುವುದೂ ಒಂದೇ, ಊರು ಬಿಡುವುದೂ ಒಂದೇ.

ಆ ಹೆಸರು ಬಂದದ್ದು ಹೀಗೆ. ಮೂರು ವರ್ಷದ ಹಿಂದೆ ಕಾಲ್ದಾಫೆಲ್ ಬೆಟ್ಟದ ದಕ್ಷಿಣದ ಮಗ್ಗುಲು ಬಿರಿದು ಲಾವಾ ಹೊರಬಿತ್ತು. ಬ್ರೆಯ್ದಾ ಕಣಿವೆಯನ್ನು ಹಿಡಿದು ಮೆಲ್ಲಗೆ ಇಳಿಯತೊಡಗಿತು. ದಿನಾ ಬೆಳಿಗ್ಗೆ ಅದರ ಮೂತಿ ಎಲ್ಲಿಗೆ ಬಂತೆಂದು ಅಳೆಯುವುದು ನನ್ನ ಪಾಲಿನ ಕೆಲಸ. ಗಾಳಿ ಕಡಿಮೆಯಿದ್ದರೆ ಡ್ರೋನ್ ಹಾರಿಸುತ್ತಿದ್ದೆ. ಗಾಳಿ ಜೋರಾಗಿದ್ದರೆ ಕೆಂಪು ಬಣ್ಣ ಬಳಿದ ಗೂಟಗಳನ್ನು ಹೊತ್ತುಕೊಂಡು ಹೋಗಿ ಸಾಲಾಗಿ ನೆಟ್ಟು ಬರುತ್ತಿದ್ದೆ. ಮರುದಿನ ಎಷ್ಟು ಗೂಟ ಸುಟ್ಟುಹೋಗಿವೆ ಎಂದು ನೋಡಿದರೆ ಎಷ್ಟು ನಡೆದಿದೆ ಎಂದು ಗೊತ್ತಾಗುತ್ತಿತ್ತು. ಒಂದು ದಿನ ನಲವತ್ತು ಮೀಟರ್, ಇನ್ನೊಂದು ದಿನ ಅರವತ್ತು. ಕಣಿವೆಯ ಬಾಯಲ್ಲಿ ನಮ್ಮೂರ ಕಲ್ಲಿನ ದೊಡ್ಡಿ ಇತ್ತು. ಪ್ರತಿ ಸೆಪ್ಟೆಂಬರಿನಲ್ಲಿ ಬೆಟ್ಟದಿಂದ ಇಳಿಸಿದ ಕುರಿಗಳನ್ನು ಕಿವಿಯ ಗುರುತು ನೋಡಿ ಯಾರ ಮನೆಯವೆಂದು ಬೇರ್ಪಡಿಸುವ ದೊಡ್ಡಿ, ನೂರ ನಲವತ್ತು ವರ್ಷದ್ದು. ಯಾವಾಗ ಮುಟ್ಟುತ್ತದೆ ಎಂದು ರೈತರು ಕೇಳಿದರು. ಇದೇ ವೇಗದಲ್ಲಿ ಬಂದರೆ ಮಂಗಳವಾರ ಎಂದೆ. ನಾಲ್ಕು ದಿನ ಊರಿಗೆ ಊರೇ ಸೇರಿ ದೊಡ್ಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಒಂದೊಂದಕ್ಕೂ ನಂಬರು ಬರೆದು, ಟ್ರ್ಯಾಕ್ಟರಿನಲ್ಲಿ ಸಾಗಿಸಿತು. ಲಾವಾ ಸೋಮವಾರವೇ, ಇನ್ನೂ ಮೂವತ್ತು ಮೀಟರ್ ಇರುವಾಗ, ನಿಂತುಬಿಟ್ಟಿತು. ಆ ಕಲ್ಲುಗಳು ಇವತ್ತಿಗೂ ಚರ್ಚಿನ ಹಿಂದೆ ರಾಶಿ ಬಿದ್ದಿವೆ. ಮಳೆಗೆ ನಂಬರು ಅಳಿಸಿಹೋಗಿ ಯಾವುದು ಎಲ್ಲಿಯದೆಂದು ಯಾರಿಗೂ ಗೊತ್ತಿಲ್ಲ. ‘ಇದೇ ವೇಗದಲ್ಲಿ ಬಂದರೆ’ ಎಂದು ನಾನು ಹೇಳಿದ್ದೂ ಯಾರಿಗೂ ನೆನಪಿಲ್ಲ. ಮಂಗಳವಾರ ಮಾತ್ರ ಉಳಿಯಿತು.

ಈಗ ಹೇಳಹೊರಟಿದ್ದು ಕಳೆದ ಸೆಪ್ಟೆಂಬರಿನ ಮಾತು.

ಕಾಲ್ದಾಫೆಲ್ ಸುತ್ತ ಹನ್ನೆರಡು ಕಂಬಗಳಿವೆ. ಬಂಡೆ ಕೊರೆದು ನಿಲ್ಲಿಸಿದ ಉಕ್ಕಿನ ಕಂಬ, ಅದರ ನೆತ್ತಿಯ ಮೇಲೆ ಬಿಳಿ ಟೋಪಿಯೊಳಗೆ ಜಿಪಿಎಸ್, ಪಕ್ಕದಲ್ಲಿ ಬ್ಯಾಟರಿಯ ಪೆಟ್ಟಿಗೆ. ಬೆಟ್ಟದ ಹೊಟ್ಟೆಯಲ್ಲಿ ಶಿಲಾರಸ ತುಂಬಿಕೊಂಡರೆ ನೆಲ ಹುದುಗಿದ ಹಿಟ್ಟಿನಂತೆ ಉಬ್ಬುತ್ತದೆ, ಕಂಬಗಳು ಒಂದರಿಂದೊಂದು ಕೆಲವು ಮಿಲಿಮೀಟರ್ ದೂರ ಸರಿಯುತ್ತವೆ. ಆ ಮಿಲಿಮೀಟರುಗಳನ್ನು ಕಾಯುವವಳು ನಾನು. ಕಂಪನ ನೋಡುವವರು ಬೇರೆ, ಅನಿಲ ನೋಡುವವರು ಬೇರೆ. ಬೈಗುಳ ಮಾತ್ರ ಎಲ್ಲರ ಪರವಾಗಿ ನನಗೇ ಬರುತ್ತದೆ, ಏಕೆಂದರೆ ಬೆಟ್ಟದ ಬುಡದಲ್ಲಿ ಮನೆ ಇರುವುದು ನನ್ನೊಬ್ಬಳದೇ.

ಅವತ್ತು ಏಳನೇ ಕಂಬ ಉತ್ತರಕ್ಕೆ ಹದಿಮೂರು ಮಿಲಿಮೀಟರ್ ಸರಿದಿತ್ತು. ಬೇರೆ ದಿನ ಸಿಗಲಿಲ್ಲ ಅದಕ್ಕೆ, ಮಂಗಳವಾರವೇ ಸರಿಯಿತು. ಬುಧವಾರ ಇಪ್ಪತ್ತಾರು. ಗುರುವಾರ ಮಧ್ಯಾಹ್ನಕ್ಕೆ ನಲವತ್ತೊಂದು. ಕಾಲ್ದಾಫೆಲ್ ಮೂರು ವರ್ಷದ ಹಿಂದೆ ಬಿರಿದಾಗಲೂ ಯಾವ ಕಂಬವೂ ಮೂರು ದಿನದಲ್ಲಿ ಇಷ್ಟು ಓಡಿರಲಿಲ್ಲ. ಆ ಏಳನೇ ಕಂಬ ನಿಂತಿರುವುದು ಬ್ರೆಯ್ದಾ ಕಣಿವೆಯ ನೆತ್ತಿಯ ದಿಣ್ಣೆಯ ಮೇಲೆ. ಶನಿವಾರ ಅದೇ ಕಣಿವೆಯಲ್ಲಿ ಹದಿನೇಳು ಜನ ಒಂಬೈನೂರು ಕುರಿಗಳನ್ನು ಇಳಿಸುವವರಿದ್ದರು. ಬೇಸಿಗೆಯಿಡೀ ಬೆಟ್ಟದ ಹಿಂದೆ ಮೇಯಲು ಬಿಟ್ಟ ಕುರಿಗಳು. ಭಾನುವಾರ ದೊಡ್ಡ ಹಿಮ ಬೀಳುತ್ತದೆಂದು ಹವಾಮಾನದವರು ಹೇಳಿದ್ದರು.

ನಾನು ರೇಕ್ಯಾವಿಕ್‌ಗೆ ಫೋನ್ ಮಾಡಿದೆ. ಎಯ್ವಿಂದೂರ್ ಅಲ್ಲಿ ನನ್ನ ಮೇಲಧಿಕಾರಿ. ಕೆಟ್ಟವನಲ್ಲ, ಆದರೆ ಒಂದು ಮಾತು ಆಡುವ ಮೊದಲು ಮೂರು ಸಲ ಹಿಂದೆ ಮುಂದೆ ನೋಡುವ ಪೈಕಿ.

“ಏಳು ಒಂದೇ ಸರೀತಿದೆ ಎಯ್ವಿಂದೂರ್. ಆರೂ ಎಂಟೂ ತಣ್ಣಗೆ ಕೂತಿವೆ. ಬೆಟ್ಟ ನಾಲ್ಕು ಸೆಂಟಿಮೀಟರ್ ಸರಿದಿದ್ರೆ ಅವೂ ಸರೀಬೇಕಿತ್ತು.”

“ಸಣ್ಣ ಕಂಪನಗಳೂ ಇವೆ ಅಲ್ವಾ? ಮೂವತ್ತನಾಲ್ಕು ಅಂತಿದಾರೆ.”

“ಗಾಳಿ ಎಷ್ಟಿದೆ ನೋಡಿದ್ಯಾ? ಅದ್ರಲ್ಲಿ ಅರ್ಧ ಗಾಳೀದೇ ಸದ್ದು. ಯಾವುದೋ ಟಗರು ಬೆನ್ನು ಉಜ್ಜಿ ಉಜ್ಜಿ ಕಂಬ ಬಗ್ಗಿಸಿದೆ, ಅಷ್ಟೇ.”

“ಕ್ಯಾಮೆರಾದಲ್ಲಿ ನೋಡು.”

“ಕ್ಯಾಮೆರಾ ಮೇಲೆ ಕಾಗೆ ಹಿಕ್ಕೆ ಹಾಕಿದೆ. ಹದಿನೈದು ದಿನದಿಂದ ಬಡ್ಕೋತಾ ಇದೀನಿ.”

“ಹಾಗಾದ್ರೆ ಯಾರಾದ್ರೂ ಹತ್ತಿ ಹೋಗಿ ನೋಡ್ಬೇಕು.”

“ನಾನು ಹೋಗ್ತೀನಿ.”

“ನೀನು ಹೋಗೋ ಹಾಗಿಲ್ಲ. ಬೆಟ್ಟ ಮುಚ್ಚಿದೀವಿ.”

“ಯಾಕೆ ಮುಚ್ಚಿದೀರಿ?”

“ಏಳನೇ ಕಂಬ ಸರಿದಿದೆ ಅಂತ.”

ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಮೇಜಿನ ಮೇಲೆ ಮೆಲ್ಲಗೆ ಇಟ್ಟೆ. ಹಾಗೆ ಮೆಲ್ಲಗೆ ಇಟ್ಟು ಇಟ್ಟೇ ನನಗೆ ರಕ್ತದೊತ್ತಡ ಬಂದಿರುವುದು.

ನಾಲ್ಕು ಗಂಟೆಗೆ ಪೊಲೀಸರು ಕಣಿವೆಯ ಗೇಟಿಗೆ ಸರಪಳಿ ಹಾಕಿದರು. ನಾಲ್ಕೂಕಾಲಿಗೆ ನನ್ನ ಅಣ್ಣ ತೋರ್ಗಿಲ್ಸ್ ನನ್ನ ಅಡಿಗೆಮನೆಯಲ್ಲಿದ್ದ. ಬೂಟು ಬಿಚ್ಚದೆ ಒಳಗೆ ಬಂದಿದ್ದ, ಎಂದರೆ ಸಿಟ್ಟು ನೆತ್ತಿಗೇರಿದೆ. ಆ ಒಂಬೈನೂರರಲ್ಲಿ ಇನ್ನೂರ ಮೂವತ್ತು ಅವನವು. ಅದೂ ಅಲ್ಲದೆ ಈ ವರ್ಷ ಅವನೇ ಬೆಟ್ಟದ ರಾಜ. ಕುರಿ ಇಳಿಸುವ ದಿನ ಯಾರು ಯಾವ ದಿಣ್ಣೆ ಹಿಡಿಯಬೇಕೆಂದು ಹೇಳುವ ಅಧಿಕಾರ ಅವನದು.

“ಇನ್ನೂರ ಮೂವತ್ತು ಕುರಿ ಸ್ಟೈನಾ. ಒಂದು ಬಾಯಲ್ಲಿ ಆಳೆತ್ತರ ಹಿಮ ಬೀಳುತ್ತೆ ಅಂತೀರಿ, ಇನ್ನೊಂದು ಬಾಯಲ್ಲಿ ಕುರಿ ಇಳಿಸ್ಬೇಡಿ ಅಂತೀರಿ. ನಿಮಗೆಲ್ಲ ತಲೆ ನೆಟ್ಟಗಿದೆಯಾ?”

“ಮುಚ್ಚಿಸಿದ್ದು ನಾನಲ್ಲ ಗಿಲ್ಸಿ.”

“ಕಂಬ ನಿಂದು.”

“ಕಂಬ ನಂದು, ಬೀಗ ಅವರದು.”

“ಯಾವ ಕಂಬ?”

“ಏಳು. ಕಣಿವೆ ಮೇಲಿಂದು.”

ಅವನು ಬಾಯಿಗೆ ತಂದಿದ್ದ ಕಾಫಿಯ ಬಟ್ಟಲನ್ನು ಕೆಳಗಿಟ್ಟ. “ಅದು ಗಟ್ಟಿಯಾಗೇ ಇದೆಯಲ್ಲ,” ಎಂದ.

“ಬಂಡೆಗೆ ಹಾಕಿದ್ದು, ಗಟ್ಟಿಯಾಗಿರದೆ ಏನು? ಯಾಕೆ?”

“ಸುಮ್ನೆ ಕೇಳ್ದೆ.”

ನಾನು ಸಿಟ್ಟಿನಲ್ಲಿದ್ದೆ, ಅವನ ಮುಖ ನೋಡಲಿಲ್ಲ. ಮತ್ತೆ ಫೋನ್ ಹಿಡಿದು ಎಯ್ವಿಂದೂರ್, ಪೊಲೀಸ್, ರಕ್ಷಣಾ ದಳ ಎಂದು ಮೂರು ಕಡೆ ಗಂಟಲು ಹರಿದುಕೊಂಡೆ. ಕೊನೆಗೆ ಶುಕ್ರವಾರಕ್ಕೆ ಅನುಮತಿ ಸಿಕ್ಕಿತು: ಇಬ್ಬರೇ, ಹೆಲ್ಮೆಟ್ ಹಾಕಿಕೊಂಡು, ಅನಿಲ ಅಳೆಯುವ ಯಂತ್ರ ಕೊರಳಿಗೆ ಕಟ್ಟಿಕೊಂಡು, ಸಂಜೆ ಐದರೊಳಗೆ ಇಳಿದಿರಬೇಕು. ರಕ್ಷಣಾ ದಳದಿಂದ ನನ್ನ ಜೊತೆ ಬರಲು ಜೀಪು ಸಮೇತ ಸಿದ್ಧವಿದ್ದವನು ಒಬ್ಬನೇ, ತೋರ್ಗಿಲ್ಸ್.

ಬೆಳಿಗ್ಗೆ ಎಂಟಕ್ಕೆ ದಿಣ್ಣೆ ಹತ್ತಿದೆವು. ಮಂಜು ಸರಿದು ಕಂಬ ಕಾಣಿಸಿತು. ಕಂಬ ಎಂದರೆ ಅದರ ಟೋಪಿ ಮಾತ್ರ. ಅದರ ಕೆಳಗೆ ನನ್ನ ಎದೆಮಟ್ಟದ ಕಲ್ಲುಗುಪ್ಪೆ.

ಬೆಟ್ಟದ ದಾರಿಯಲ್ಲಿ ಗುಪ್ಪೆ ಕಂಡರೆ ಒಂದು ಕಲ್ಲು ಸೇರಿಸಿ ಮುಂದೆ ಹೋಗುವುದು ನಮ್ಮವರ ಪದ್ಧತಿ. ಮಂಜಿನಲ್ಲಿ ಹಿಂದೆ ಬರುವವನಿಗೆ ದಾರಿ ತಪ್ಪಬಾರದಲ್ಲ. ಜೂನಿನಲ್ಲಿ ನಾನು ಬಂದಾಗ ಇಲ್ಲಿ ಒಂದೇ ಒಂದು ಕಲ್ಲಿರಲಿಲ್ಲ. ಈಗ ಬೇಸಿಗೆಯಲ್ಲಿ ನಡೆದುಹೋದ ಪ್ರತಿಯೊಬ್ಬ ಸಜ್ಜನನೂ ನನ್ನ ಕಂಬದ ಬುಡಕ್ಕೆ ತನ್ನ ಪಾಲಿನ ಕಲ್ಲು ಇಟ್ಟುಹೋಗಿದ್ದ. ಸೋಮವಾರ ಮೊದಲ ಇಬ್ಬನಿ ಹೆಪ್ಪುಗಟ್ಟಿ ಕರಗಿತ್ತು, ಗುಪ್ಪೆ ದಕ್ಷಿಣದ ಕಡೆಯಿಂದ ಕುಸಿದು ಕಂಬದ ಮೇಲೆ ಒರಗಿತ್ತು. ಅಷ್ಟು ಭಾರಕ್ಕೆ ಕಂಬ ಉತ್ತರಕ್ಕೆ ಬಾಗದೆ ಇನ್ನೇನು ಮಾಡೀತು?

“ಯಾವ ಪುಣ್ಯಾತ್ಮ ಶುರು ಮಾಡಿದ್ದು ಇದನ್ನ?” ಎಂದು ಕೂಗಿದೆ. ಗಾಳಿಗೆ ಕೂಗದೆ ಗತಿಯಿರಲಿಲ್ಲ, ಇಲ್ಲದಿದ್ದರೂ ಕೂಗುತ್ತಿದ್ದೆ.

ತೋರ್ಗಿಲ್ಸ್ ತನ್ನ ಕೈಗವಸನ್ನು ನೋಡುತ್ತ ನಿಂತಿದ್ದ.

“ಗಿಲ್ಸಿ.”

“ಜುಲೈನಲ್ಲಿ ಬಂದಿದ್ದೆ. ಕಳೆದುಹೋದ ಕುರಿ ಹುಡುಕ್ಕೊಂಡು. ಕಂಬ ಗಾಳಿಗೆ ನಡುಗ್ತಿತ್ತು. ಪಾಪ, ನಮ್ಮ ಸ್ಟೈನಾ ಕಂಬ ಬಿದ್ದುಹೋದೀತು ಅಂತ ಬುಡಕ್ಕೆ ನಾಲ್ಕು ಕಲ್ಲು ಒತ್ತಿದೆ.”

“ನಾಲ್ಕಾ?”

“ಹತ್ತು ಹನ್ನೆರಡು ಇರ್ಬೋದು.”

“ನಡುಗೋದು ಅದರ ಟೋಪಿ ಕಣೋ, ಕಂಬ ಅಲ್ಲ! ಆರು ವರ್ಷದಿಂದ ಮಿಲಿಮೀಟರ್ ಲೆಕ್ಕದಲ್ಲಿ ನೋಡ್ಕೊಂಡು ಬಂದಿದೀನಿ. ನೀನು ಬಂದು ಕಲ್ಲು ಒತ್ತಿದ್ಯಾ?”

“ಒಳ್ಳೇದಕ್ಕೇ ಮಾಡಿದ್ದು.”

“ನಿನ್ನ ಬೆಟ್ಟಕ್ಕೆ ನೀನೇ ಬೀಗ ಹಾಕಿಸ್ಕೊಂಡಿದೀಯ, ಗೊತ್ತಾಯ್ತಾ?”

ಗುಪ್ಪೆಯ ನಡುವೆ ಒಂದು ಕುರಿಯ ಕಾಲಿನ ಮೂಳೆ ಸಿಕ್ಕಿಸಿದ್ದರು, ಅದರೊಳಗೆ ಸುರುಳಿ ಸುತ್ತಿದ ಚೀಟಿ. ಗುಪ್ಪೆಯ ಮೂಳೆಯಲ್ಲಿ ಪೋಲಿ ಪದ್ಯ ಬರೆದಿಡುವುದು ಹಳೆಯ ಚಟ, ಈಗಲೂ ಬಿಟ್ಟಿಲ್ಲ. ಬಿಚ್ಚಿ ಓದಿದೆ.

*ಮಂಗಳವಾರಕ್ಕೆ ಕಾದು ಕಾದು ಮಂಡಿಯೆಲ್ಲ ಹಿಡೀತು,*
*ಬೆಟ್ಟವೇ, ನಿನ್ನ ಸೋಮವಾರ ಯಾವಾಗ ಮುಗಿದೀತು?*

“ನಿನ್ನ ಅಕ್ಷರ ಇದು.”

“ನನ್ನದಲ್ಲ.”

“ಶಾಲೇಲಿ ನಿನ್ನ ಪಕ್ಕದಲ್ಲೇ ಕೂತು ನಿನ್ನ ಕಾಗುಣಿತ ತಿದ್ದಿದೀನಿ ನಾನು, ನಿನಗಿಂತ ಎರಡು ವರ್ಷ ಚಿಕ್ಕೋಳಾದ್ರೂ.”

ಅವನಿಗೆ ನಗು ಬಂತು. ನನಗೂ ಬರುವುದರಲ್ಲಿತ್ತು, ಸಿಟ್ಟಿಗೆ ತಡೆದುಕೊಂಡೆ. ಮುಕ್ಕಾಲು ಗಂಟೆ ಇಬ್ಬರೂ ಕಲ್ಲು ಎತ್ತಿ ಎತ್ತಿ ಎಸೆದೆವು. ಕೊನೆಯ ಕಲ್ಲು ಹೋದ ಮೇಲೆ ಕಂಬ ಸುಮಾರು ಮೂರು ಸೆಂಟಿಮೀಟರ್ ಹಿಂದಕ್ಕೆ ಬಂತು.

“ಮುಗೀತಲ್ಲ,” ಎಂದ ತೋರ್ಗಿಲ್ಸ್, ಕೈ ಒರೆಸಿಕೊಳ್ಳುತ್ತ. ನಿನ್ನೆಯಿಂದ ಗಂಟು ಹಾಕಿಕೊಂಡಿದ್ದ ಮುಖ ಸಡಿಲವಾಗಿತ್ತು. “ಫೋನ್ ಮಾಡು. ಬೀಗ ತೆಗೀಲಿ. ನಾನು ಹೋಗಿ ಕುದುರೆಗೆ ಲಾಳ ನೋಡ್ಕೋಬೇಕು.”

“ಮೂರು ಬಂತು. ನಾಲ್ಕು ಬರ್ಬೇಕಿತ್ತು.”

“ಉಕ್ಕು ಬಗ್ಗಿದೆ. ಪೂರ್ತಿ ವಾಪಸ್ ಬರಲ್ಲ.”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನೂ ಅದನ್ನೇ ನಂಬಬೇಕೆಂದಿದ್ದೆ. ಆದರೆ ಕಂಬ ನೆಟ್ಟ ದಿನವೇ ಅದರಿಂದ ಒಂದು ಮಾರು ದೂರದಲ್ಲಿ ಬಂಡೆಗೆ ಒಂದು ಹಿತ್ತಾಳೆಯ ಮೊಳೆ ಹೊಡೆದಿದ್ದೆ, ಕಂಬಕ್ಕೆ ಏನಾದರೂ ಆದರೆ ಇರಲಿ ಎಂದು. ಆ ಮೊಳೆಗೆ ಯಾರ ಕಲ್ಲೂ ತಾಗಿರಲಿಲ್ಲ, ಯಾವ ಟಗರೂ ಬೆನ್ನು ಉಜ್ಜಿರಲಿಲ್ಲ. ಅದರ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಇನ್ನೊಂದು ಜಿಪಿಎಸ್ ಕೂರಿಸಿ, ಆರು ಗಂಟೆ ಉಪಗ್ರಹಗಳ ಮಾತು ಕೇಳಿಸಿದರೆ ಬಂಡೆ ಎಲ್ಲಿದೆಯೆಂದು ತಿಳಿಯುತ್ತದೆ.

“ಆರು ಗಂಟೆ?” ಎಂದ ತೋರ್ಗಿಲ್ಸ್. “ಒಂದು ಮೊಳೆ ಎಲ್ಲಿದೆ ಅಂತ ನೋಡೋಕೆ? ಅಗೋ, ಅಲ್ಲೇ ಇದೆ.”

“ಕೂತ್ಕೋ.”

ಕೂತ. ಇಬ್ಬರೂ ಬಂಡೆಯ ಮರೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತೆವು. ನನ್ನ ಅತ್ತಿಗೆ ಹೊಗೆ ಹಾಕಿದ ಮಾಂಸವನ್ನು ಚಪ್ಪಟೆ ರೊಟ್ಟಿಯ ನಡುವೆ ಇಟ್ಟು ಕಟ್ಟಿಕೊಟ್ಟಿದ್ದಳು. ಒಣಮೀನು, ಬೆಣ್ಣೆ, ಎರಡು ಫ್ಲಾಸ್ಕ್ ಕಾಫಿ. ಕಾಫಿ ಹನ್ನೊಂದು ಗಂಟೆಗೇ ಮುಗಿಯಿತು. ಅಲ್ಲಿಂದ ಬೆಟ್ಟದ ಹಿಂದಿನ ಹುಲ್ಲುಗಾವಲು ಕಾಣುತ್ತದೆ. ಬಿಳಿ ಚುಕ್ಕಿಗಳು ಓಡಾಡುತ್ತಿದ್ದವು. ತೋರ್ಗಿಲ್ಸ್ ದುರ್ಬೀನು ಹಿಡಿದು ತನ್ನವನ್ನು ಗುರುತಿಸುತ್ತಿದ್ದ, ಅಷ್ಟು ದೂರದಿಂದ ಕಿವಿಯಂತೂ ಕಾಣುವುದಿಲ್ಲ, ನಡಿಗೆಯಿಂದಲೇ.

“ಅಗೋ, ಕುಂಟಿ. ಅವಳ ಹಿಂದೆ ಅವಳ ಮರಿ. ಈ ವರ್ಷ ಅವಳಿ ಹಾಕಿದ್ಲು. ಎರಡೂ ಬದುಕಿವೆ.”

ನಾನು ಎದ್ದುಹೋಗಿ ಸ್ಟ್ಯಾಂಡ್ ಅಲುಗಿಲ್ಲವೆಂದು ನೋಡಿ ಬಂದೆ.

“ಸ್ಟೈನಾ, ಸೊನ್ನೆ ಬರುತ್ತೆ ಅಲ್ವಾ?”

“ಬರ್ಲಿ ಅಂತಾನೇ ನನಗೂ.”

ಮೂರೂವರೆಗೆ ಲೆಕ್ಕ ಬಂತು. ಸಣ್ಣ ಕಂಪ್ಯೂಟರನ್ನು ಕೋಟಿನೊಳಗೆ ಹಿಡಿದು, ಪರದೆಗೆ ಕೈ ಅಡ್ಡ ಇಟ್ಟು ಎರಡು ಸಲ ಓದಿದೆ. ಮೊದಲಿನಿಂದ ಮತ್ತೆ ಲೆಕ್ಕ ಹಾಕಿಸಿದೆ. ಅದೇ ಬಂತು.

“ಹನ್ನೊಂದು.”

“ಏನು ಹನ್ನೊಂದು?”

“ಮಿಲಿಮೀಟರ್. ಬಂಡೇನೇ ಸರಿದಿದೆ ಗಿಲ್ಸಿ.”

ಅವನು ಬಂದು ಪರದೆ ನೋಡಿದ. ಅಂಕೆ ಅವನಿಗೂ ಕಾಣುತ್ತಿತ್ತು. ಹೆಬ್ಬೆರಳು ತೋರುಬೆರಳು ಸ್ವಲ್ಪ ಅಗಲಿಸಿ ಹಿಡಿದು, “ಇಷ್ಟಾ?” ಎಂದ.

“ಅಷ್ಟು.”

“ತಪ್ಪಿರ್ಬೋದಲ್ಲ?”

“ನಾಲ್ಕು ಆಚೀಚೆ ಇರ್ಬೋದು.”

“ಅಂದ್ರೆ ಏಳೂ ಆಗ್ಬೋದು, ಹದಿನೈದೂ ಆಗ್ಬೋದು.”

“ಹೌದು.”

“ಅಂದ್ರೆ ನಿನಗೇ ಗೊತ್ತಿಲ್ಲ.”

“ಸೊನ್ನೆ ಅಲ್ಲ ಅಂತ ಗೊತ್ತು.”

ಆಗಲೇ ಇನ್ನೊಂದನ್ನು ನೋಡಿದೆ, ನೋಡಿ ನನ್ನ ಮೇಲೆ ನನಗೇ ಅಸಹ್ಯವಾಯಿತು. ಆರನೇ ಕಂಬ ಪಶ್ಚಿಮಕ್ಕೆ ಎರಡು ಮಿಲಿಮೀಟರ್, ಎಂಟನೆಯದು ಪೂರ್ವಕ್ಕೆ ಮೂರು. ಇದು ಏನೂ ಅಲ್ಲವೆಂದು ಮೂರು ದಿನದಿಂದ ಪಕ್ಕಕ್ಕೆ ತಳ್ಳುತ್ತಿದ್ದೆ. ಟಗರು ಎಂದು ಒಮ್ಮೆ ಬಾಯಿಬಿಟ್ಟ ಮೇಲೆ ಟಗರನ್ನೇ ಹುಡುಕುತ್ತಿದ್ದೆ. ಈಗ ಏಳರ ಹನ್ನೊಂದನ್ನು ನಡುವೆ ಇಟ್ಟು ನೋಡಿದರೆ ಎರಡೂ ಎರಡು ಕಡೆಗೆ ಸರಿದಿದ್ದವು. ಸಣ್ಣದೊಂದು ಶಿಲಾರಸದ ನಾಲಗೆ ಕಣಿವೆಯ ಕೆಳಗೆ ಸೇರಿಕೊಂಡಿತ್ತು. ನಾಳೆ ಹೊರಗೆ ಬರುತ್ತದೋ, ಅಲ್ಲೇ ತಣ್ಣಗಾಗುತ್ತದೋ, ಯಾರೂ ಹೇಳಲಾರರು. ಹತ್ತರಲ್ಲಿ ಎಂಟು ಅಲ್ಲೇ ತಣ್ಣಗಾಗುತ್ತವೆ.

ಅಣ್ಣನಿಗೆ ಅದನ್ನೂ ಹೇಳಿದೆ. ಮುಚ್ಚಿಡಲಿಲ್ಲ.

“ಹತ್ರಲ್ಲಿ ಎಂಟು,” ಎಂದ. “ಸ್ಟೈನಾ, ಸೊನ್ನೆ ಅಂತ ಬರಿ. ಕಲ್ಲಿಂದ ಆಯ್ತು ಅಂತ ಬರಿ. ಸುಳ್ಳೇನಲ್ಲ.”

“ನಾಳೆ ಹದಿನೇಳು ಜನರನ್ನ ಆ ಕಣಿವೇಲಿ ಇಳಿಸ್ತೀಯಾ? ಇದು ಗೊತ್ತಿದ್ದೂ? ಹೆರ್ದಿಸ್ ಯಾವ ದಿಣ್ಣೆ ಹಿಡೀತಾಳೆ?”

ಹೆರ್ದಿಸ್ ಅವನ ಮಗಳು, ಹತ್ತೊಂಬತ್ತು ವರ್ಷ. ಮಂದೆಯ ಹಿಂದೆ, ಕಣಿವೆಯ ತಳದಲ್ಲೇ ಅವಳ ಜಾಗ.

“ನನ್ನನ್ನ ಕೇಳ್ಬೇಡ,” ಎಂದ. “ಅಳೆದೋಳು ನೀನು.”

ಅಷ್ಟು ಹೇಳಿ ದುರ್ಬೀನನ್ನು ಡಬ್ಬಿಗೆ ಹಾಕಿ ಮುಚ್ಚಿದ.

ಎಯ್ವಿಂದೂರ್‌ಗೆ ಫೋನ್ ಮಾಡಿದೆ. ನಿನ್ನೆ ಬೀಗ ತೆಗೆಯಲು ಒಪ್ಪದವನು ಇವತ್ತು ಬೀಗದ ಕೈ ಹಿಡಿದು ಕಾಯುತ್ತಿದ್ದ. ರೈತ ಸಂಘ, ಸಚಿವರ ಕಚೇರಿ, ರೇಡಿಯೋದವರು ಬೆಳಿಗ್ಗೆಯಿಂದ ಅವನ ಪ್ರಾಣ ತಿಂದಿದ್ದರು.

“ಕಲ್ಲುಗುಪ್ಪೆನಾ?” ಅವನ ಧ್ವನಿಯಲ್ಲಿ ಖುಷಿ ತುಂಬಿತ್ತು. “ದೇವರು ದೊಡ್ಡೋನು. ಏಳನೇ ಕಂಬ ಕಲ್ಲಿನ ಭಾರಕ್ಕೆ ಬಾಗಿತ್ತು ಅಂತ ಒಂದು ಸಾಲು ಕಳ್ಸು ಸಾಕು. ಅರ್ಧ ಗಂಟೇಲಿ ಗೇಟ್ ತೆಗೆಸ್ತೀನಿ.”

“ಎರಡು ಸಾಲು ಇದೆ.”

“ಎರಡನೇದೇನು?”

ಹೇಳಿದೆ.

“ಎರಡನೇ ಸಾಲು ಬೇಕೇ ಬೇಕಾ ಸ್ಟೈನ್‌ವೋರ್?”

ಅಣ್ಣ ಐದು ಹೆಜ್ಜೆ ದೂರದಲ್ಲಿ ಸ್ಟ್ಯಾಂಡಿನ ಕಾಲುಗಳನ್ನು ಮಡಚುತ್ತಿದ್ದ. ಕೇಳಿಸಿಕೊಳ್ಳುತ್ತಿದ್ದನೆಂದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಹೇಳುತ್ತೇನೆ ಕೇಳಿ, ಆ ಗಳಿಗೆಯಲ್ಲಿ ನನಗೆ ಈ ಕೆಲಸವೇ ಬೇಡವಾಗಿತ್ತು. ಬೇಡವೆಂದರೆ ಸಾಕು, ಅವನ ಕುಂಟಿ, ಅವಳ ಅವಳಿ ಮರಿ, ಎಲ್ಲ ನಾಳೆ ಸಂಜೆ ಅವನ ಹಟ್ಟಿಯಲ್ಲಿ. ಹತ್ತರಲ್ಲಿ ಎಂಟು ಪಾಲು ಏನೂ ಆಗುವುದಿಲ್ಲ. ಯಾರಿಗೂ ತಿಳಿಯುವುದೂ ಇಲ್ಲ.

“ಬೇಕು,” ಎಂದೆ.

ಇಳಿಯುವಾಗ ತೋರ್ಗಿಲ್ಸ್ ಜೀಪನ್ನು ದಡಬಡ ಓಡಿಸಿದ. ಮನೆಯ ಮುಂದೆ ನನ್ನನ್ನು ಇಳಿಸಿ, ರೊಟ್ಟಿಯ ಡಬ್ಬಿಯನ್ನು ಕಿಟಕಿಯಿಂದ ಕೈಗೆ ಕೊಟ್ಟು ಹೋದ.

ಶನಿವಾರ ಬಿಸಿಲು ಬಿತ್ತು. ಬೇಕೆಂದೇ ಬಿದ್ದಂತಿತ್ತು. ಒಂದು ಎಳೆ ಗಾಳಿಯಿಲ್ಲ, ಆಕಾಶ ತೊಳೆದಿಟ್ಟಂತೆ, ಬೆಟ್ಟ ಸುಮ್ಮನೆ ಕೂತಿತ್ತು. ಹಿಂದಿನ ದಿನ ಇಳಿಯುವ ಮುನ್ನ ಕ್ಯಾಮೆರಾದ ಗಾಜು ಒರೆಸಿ ಬಂದಿದ್ದೆ. ಮನೆಯಲ್ಲಿ ಅದರ ಚಿತ್ರ ಬರುವ ಪರದೆಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ಕೂತೆ. ಏನು ಮಾಡುತ್ತಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಹೊಗೆ ಬರಲಿ ಎಂದು ಕಾಯುತ್ತಿದ್ದೆ. ಬಾ, ಒಂದು ಬಿರುಕು ಬಿಡು, ಒಂದು ಗಂಟೆ ಉಗುಳಿದರೂ ಸಾಕು, ಕಣಿವೆಯಲ್ಲಿ ಯಾರೂ ಇಲ್ಲ ಎಂದು ಬೇಡಿಕೊಂಡೆ. ಬೆಂಕಿಬೆಟ್ಟದಿಂದ ಜನರನ್ನು ಕಾಯುವುದಕ್ಕೆ ಇಟ್ಟ ಹೆಂಗಸು ನಾನು. ಬೆಟ್ಟ ಏನೂ ಮಾಡಲಿಲ್ಲ.

ಭಾನುವಾರ ಹಿಮ ಬಿತ್ತು. ಸೋಮವಾರವೂ ಬಿತ್ತು. ಗಾಳಿ ಅದನ್ನೆಲ್ಲ ಗುಡಿಸಿ ತಗ್ಗುಗಳಿಗೆ ತುಂಬಿತು. ಕುರಿ ಗಾಳಿಗೆ ಬೆನ್ನು ಕೊಟ್ಟು ತಗ್ಗಿಗೇ ಹೋಗುತ್ತದೆ, ಅದಕ್ಕೆ ಬೇರೆ ಬುದ್ಧಿಯಿಲ್ಲ. ಮುಂದಿನ ವಾರ ಏಳನೇ ಕಂಬ ದಿನಕ್ಕೊಂದು ಎರಡು ಮಿಲಿಮೀಟರಿನಂತೆ ಹಿಂದಕ್ಕೆ ಬಂತು. ಕೆಳಗೆ ಬಂದಿದ್ದ ಶಿಲಾರಸ ಬಂದ ದಾರಿಯಲ್ಲೇ ಹೋಯಿತು. ಎಯ್ವಿಂದೂರ್ ಒಂದು ಸಂದೇಶ ಕಳಿಸಿದ: ‘ನಿನ್ನ ಅಳತೆ ಪೂರ್ತಿ ಸರಿಯಿತ್ತು.’ ಅದನ್ನು ತೆಗೆದುಕೊಂಡು ಏನು ಮಾಡಲಿ? ಎಂಟು ದಿನದ ಮೇಲೆ, ಇನ್ನೊಂದು ಸೋಮವಾರ, ಗೇಟು ತೆಗೆದರು. ಊರಿನವರು ಉದ್ದನೆಯ ಕೋಲು ಹಿಡಿದು ಹಿಮ ಚುಚ್ಚಿ ಚುಚ್ಚಿ ಹುಡುಕಿದರು. ನನ್ನನ್ನು ಯಾರೂ ಕರೆಯಲಿಲ್ಲ. ತೋರ್ಗಿಲ್ಸ್‌ನ ಇನ್ನೂರ ಮೂವತ್ತರಲ್ಲಿ ಅರವತ್ತೊಂದು ಸತ್ತಿದ್ದವು.

ಅಕ್ಟೋಬರ್ ನಡುವಿನವರೆಗೆ ತೊಟ್ಟಿಯ ಕಡೆ ಹೋಗಲಿಲ್ಲ. ಆಮೇಲೆ ಮೊಣಕಾಲು ಕೇಳಲಿಲ್ಲ. ಒಂದು ಮಧ್ಯಾಹ್ನ ಹೋದೆ. ತೊಟ್ಟಿಯಲ್ಲಿ ನಾಲ್ಕು ಜನ, ಅವರಲ್ಲಿ ತೋರ್ಗಿಲ್ಸ್ ಒಬ್ಬ. ವಾಪಸ್ ಹೋಗೋಣವೆಂದರೆ ಆಗಲೇ ಒದ್ದೆಯಾಗಿದ್ದೆ. ಅವನ ಎದುರಿನ ಮೂಲೆಯಲ್ಲಿ ಇಳಿದು ಕೂತೆ.

“ಬಂದ್ಲಪ್ಪ,” ಎಂದ ಸೈಮುಂದೂರ್, ಹಿಂದೆ ಅಂಚೆ ಹಂಚುತ್ತಿದ್ದವನು. “ಇನ್ಮೇಲೆ ಮಂಗಳವಾರ ಅನ್ನೋದು ಬೇಡ, ಶನಿವಾರ ಅನ್ನೋಣ. ಇದೂ ಬರ್ಲಿಲ್ಲ ನೋಡಿ.”

ಇಬ್ಬರು ನಕ್ಕರು.

“ನಾನಿದ್ದೆ ಅಲ್ಲಿ,” ಎಂದ ತೋರ್ಗಿಲ್ಸ್. ದನಿ ಎತ್ತಿರಲಿಲ್ಲ. “ಆರು ಗಂಟೆ ಕೂತಿದ್ದೆ. ಹನ್ನೊಂದಿತ್ತು. ನನ್ನ ಕಣ್ಣಾರೆ ನೋಡ್ದೆ.”

ಯಾರೂ ನಗಲಿಲ್ಲ. ಸೈಮುಂದೂರ್ ನೀರು ಬಹಳ ಬಿಸಿಯಾಯಿತೆಂದು ಎದ್ದುಹೋದ, ಅವನ ಹಿಂದೆ ಉಳಿದಿಬ್ಬರೂ. ಅಣ್ಣ ತಂಗಿ ಇಬ್ಬರೇ ಉಳಿದೆವು. ಥ್ಯಾಂಕ್ಸ್ ಎನ್ನಲು ಬಾಯಿ ತೆರೆದೆ.

“ಥ್ಯಾಂಕ್ಸ್ ಗೀಂಕ್ಸ್ ಬೇಡ,” ಎಂದ. “ಸೊನ್ನೆ ಅನ್ಬೋದಿತ್ತು ನೀನು. ಅದು ನನ್ನ ಹೊಟ್ಟೇಲಿದೆ, ಇರುತ್ತೆ.”

“ಗೊತ್ತು.”

ಅವನು ಮುಖಕ್ಕೆ ನೀರು ಎರಚಿಕೊಂಡು, “ಆ ಶನಿವಾರ ನೀನು ಕ್ಯಾಮೆರಾ ಮುಂದೆ ಕೂತಿದ್ದೆ, ಅಲ್ವಾ?” ಎಂದ. “ಬೆಟ್ಟ ಸಿಡೀಲಿ ಅಂತ.”

ಸುಳ್ಳು ಹೇಳಬಹುದಿತ್ತು. ಆದರೆ ಅವನ ಹತ್ತಿರ ಸುಳ್ಳು ಹೇಳಬೇಕೆಂದಿದ್ದರೆ ಆ ದಿಣ್ಣೆಯ ಮೇಲೆಯೇ ಹೇಳಿರುತ್ತಿದ್ದೆ.

“ಹೌದು,” ಎಂದೆ.

“ನಾನೂ,” ಎಂದ ತೋರ್ಗಿಲ್ಸ್. ನೀರನ್ನೇ ನೋಡುತ್ತಿದ್ದ. “ಗೇಟ್ ತೆಗೆದ ದಿನ. ಮೊದಲು ಸಿಕ್ಕಿದ್ದು ಕುಂಟಿ. ಮರಿಗಳು ಅವಳ ಕೆಳಗೇ ಇದ್ವು. ಅಗೆದು ತೆಗೆದು ಬೆಟ್ಟದ ಕಡೆ ತಿರುಗಿ, ಸಿಡಿ ಮುಂಡೇದೇ, ಈಗ್ಲಾದ್ರೂ ಸಿಡಿ, ಇವು ಸುಮ್ಸುಮ್ನೆ ಸತ್ತಂಗಾಗ್ಬಾರ್ದು ಅಂದೆ. ಜೋರಾಗೇ ಅಂದೆ. ಹೆರ್ದಿಸ್ ಪಕ್ಕದಲ್ಲೇ ಸಲಿಕೆ ಹಿಡ್ಕೊಂಡು ನಿಂತಿದ್ಲು ಸ್ಟೈನಾ. ಅದೇ ಕಣಿವೇಲಿ.”

ನೀರು ನಿಜಕ್ಕೂ ಬಹಳ ಬಿಸಿಯಾಗಿತ್ತು, ಆದರೂ ಇಬ್ಬರೂ ಏಳಲಿಲ್ಲ.